ಸಂತೆಯ ಕೊಡೆಯಡಿಯ ಅಗ್ಗದ ಸಿಮ್: ಶಿವಮೊಗ್ಗ ಸಂಸದರಿಗೊಂದು ಬಹಿರಂಗ ಪತ್ರ

ಶಿವಮೊಗ್ಗ ಲೋಕಸಭಾ ಕ್ಷೇತ್ರದ ಮಾನ್ಯ ಸಂಸದರಿಗೆ ನಮಸ್ಕಾರಗಳು.

ದೂರಸಂಪರ್ಕ ಕೇಂದ್ರ ಸರ್ಕಾರದ ವಿಷಯ. ಜಿಲ್ಲೆಯಲ್ಲಿ ಕೇಂದ್ರದ ಯೋಜನೆಗಳ ಪ್ರಗತಿ ನೋಡುವ ದಿಶಾ ಸಮಿತಿಗೆ ಅಧ್ಯಕ್ಷರು ತಾವು. ಅದಕ್ಕಾಗಿ ಈ ಪತ್ರವನ್ನು ತಮಗೇ ಬರೆಯುತ್ತಿದ್ದೇವೆ. ನಾವು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಸಿಮ್, ರೀಚಾರ್ಜ್, ಮೊಬೈಲ್ ರಿಪೇರಿಯ ಸಣ್ಣ ಅಂಗಡಿ ಇಟ್ಟುಕೊಂಡವರು. ಈ ವಿಷಯದಲ್ಲಿ ನಮ್ಮ ವ್ಯಾಪಾರದ ಹಿತವೂ ಸೇರಿದೆ. ಅದನ್ನು ಮೊದಲೇ ಹೇಳಿಬಿಡುವುದು ಸರಿ.

ಬಸ್ ನಿಲ್ದಾಣದ ಎದುರು, ಸಂತೆ ಮೈದಾನದ ಬಾಗಿಲಲ್ಲಿ, ಜಾತ್ರೆಯ ಬೀದಿಯಲ್ಲಿ ಬಣ್ಣದ ಕೊಡೆ ಬಿಚ್ಚಿಕೊಂಡು, ಒಂದು ಸ್ಟೂಲು ಹಾಕಿ, ಬೆರಳಚ್ಚಿನ ಯಂತ್ರ ಹಿಡಿದು ಕೂರುವವರನ್ನು ತಾವೂ ನೋಡಿರುತ್ತೀರಿ. ಸಿಮ್ ಫ್ರೀ, ಮೊದಲ ರೀಚಾರ್ಜ್ ಅರ್ಧ ಬೆಲೆಗೆ ಎನ್ನುತ್ತಾರೆ. ಅದೇ ಕಂಪನಿಯ ಸ್ವಂತ ಮಳಿಗೆಯಲ್ಲಿ ಈ ರಿಯಾಯಿತಿ ಸಿಗುವುದಿಲ್ಲ. ಹಾಗಾದರೆ ಕಡಿಮೆಯಾದ ದುಡ್ಡು ಯಾರ ಜೇಬಿನಿಂದ ಬಂತು?

ಹೆಚ್ಚಿನ ಸಲ ಅದು ಕಮಿಷನ್ನಿನ ದುಡ್ಡು. ಹೊಸ ಸಿಮ್ ಚಾಲೂ ಮಾಡಿಸಿದರೆ, ಬೇರೆ ಕಂಪನಿಯ ನಂಬರ್ ಪೋರ್ಟ್ ಮಾಡಿಸಿ (ನಂಬರ್ ಅದೇ ಇಟ್ಟು ಕಂಪನಿ ಬದಲಿಸಿ) ತಂದರೆ ಮಾರುವವನಿಗೆ ಕಂಪನಿ ಇಷ್ಟು ಎಂದು ಕೊಡುತ್ತದೆ, ತಿಂಗಳ ಟಾರ್ಗೆಟ್ ಮುಟ್ಟಿದರೆ ಇನ್ನೊಂದಿಷ್ಟು. ಅದರಲ್ಲಿ ಒಂದು ಪಾಲನ್ನು ಗಿರಾಕಿಗೆ ಬಿಟ್ಟುಕೊಡುತ್ತಾನೆ. ಇಲ್ಲಿಯವರೆಗೆ ಇದು ವ್ಯಾಪಾರ, ಮೋಸವಲ್ಲ. ಆದರೆ ಆ ರಿಯಾಯಿತಿ ಮೊದಲ ರೀಚಾರ್ಜಿಗೆ ಮುಗಿಯಿತು. 28 ದಿನದ ಪ್ಲಾನ್ ಹಾಕಿಸಿಕೊಂಡವರು ವರ್ಷಕ್ಕೆ 12 ಸಲ ಅಲ್ಲ, 13 ಸಲ ರೀಚಾರ್ಜ್ ಮಾಡಿಸಬೇಕು. ಒಂದರಲ್ಲಿ ಉಳಿದದ್ದು ಉಳಿದ ಹನ್ನೆರಡರಲ್ಲಿ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ. ನಿಜವಾಗಿ ದುಡ್ಡು ಉಳಿಸುವ ದಾರಿ ಬೇರೆ ಇದೆ. ಡೇಟಾ ಬೇಡದವರಿಗೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ವೋಚರನ್ನು ಎಲ್ಲ ಕಂಪನಿಗಳೂ ಕೊಡಬೇಕು, ಅದರ ಅವಧಿ 365 ದಿನದವರೆಗೂ ಇರಬಹುದು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ಮಾಡಿದೆ. ಕೀಪ್ಯಾಡ್ ಫೋನ್ ಇಟ್ಟುಕೊಂಡ ಅಜ್ಜ ಅಜ್ಜಿಯರಿಗೆ ಬೇಕಾದದ್ದು ಇದೇ. ಟಾರ್ಗೆಟ್ ಹಿಂದೆ ಓಡುವವರು ಇದರ ಸುದ್ದಿಯನ್ನೇ ಎತ್ತುವುದಿಲ್ಲ.

ಇನ್ನು ನಮ್ಮ ನಿಜವಾದ ಆತಂಕಕ್ಕೆ ಬರುತ್ತೇವೆ. ಕೆಲವು ಕೊಡೆಗಳ ಕೆಳಗೆ ರಿಯಾಯಿತಿಯ ದುಡ್ಡು ಕಮಿಷನ್ನಿನಿಂದ ಬರುವುದಿಲ್ಲ, ಗಿರಾಕಿಯ ಬೆರಳಿನಿಂದ ಬರುತ್ತದೆ.

ಅದು ನಡೆಯುವ ಬಗೆ ಹೀಗೆ. ಆಧಾರ್ ನಂಬರ್ ಹಾಕಿ ಬೆರಳು ಒತ್ತಿಸುತ್ತಾರೆ. ಹೊಂದಿಕೆಯಾಗುತ್ತದೆ, ಸಿಮ್ ಅರ್ಜಿ ಮುಂದೆ ಹೋಗುತ್ತದೆ. ಆದರೆ ಗಿರಾಕಿಗೆ ‘ಬೆರಳು ಬರ್ತಿಲ್ಲ, ಸರ್ವರ್ ಸ್ಲೋ ಇದೆ, ಇನ್ನೊಂದ್ಸಲ ಇಡಿ’ ಎನ್ನುತ್ತಾರೆ. ಎರಡನೇ ಸಲ ಒತ್ತಿದ ಬೆರಳಿಗೆ ಎರಡನೇ ಸಿಮ್ ಹುಟ್ಟುತ್ತದೆ. ಫೋಟೋವನ್ನೂ ‘ಕಣ್ಣು ಮುಚ್ಚಿದ್ರಿ’ ಎಂದು ಮತ್ತೊಮ್ಮೆ ತೆಗೆಯುತ್ತಾರೆ. ಗಿರಾಕಿ ಒಂದು ಸಿಮ್ ತೆಗೆದುಕೊಂಡು ಮನೆಗೆ ಹೋಗುತ್ತಾನೆ. ಇನ್ನೊಂದು ಅವನದೇ ಹೆಸರಿನಲ್ಲಿ ಸೈಬರ್ ವಂಚಕರ ಕೈ ಸೇರುತ್ತದೆ. ಅಂಥ ಸಿಮ್ಮಿಗೆ ಸಿಗುವ ಬೆಲೆಯ ಮುಂದೆ ಗಿರಾಕಿಗೆ ಕೊಟ್ಟ ರಿಯಾಯಿತಿ ಏನೂ ಅಲ್ಲ.

ಮಲೆನಾಡಿನಲ್ಲಿ ‘ಬೆರಳು ಬರ್ತಿಲ್ಲ’ ಎಂಬ ಮಾತನ್ನು ಜನ ಸುಲಭವಾಗಿ ನಂಬುವುದಕ್ಕೆ ಕಾರಣವಿದೆ. ಇಲ್ಲಿಯವರ ಬೆರಳು ನಿಜವಾಗಿಯೂ ಬರುವುದಿಲ್ಲ. ಅಡಿಕೆ ಗೊನೆ ಕೊಯ್ಯುವ ತಿಂಗಳುಗಳಲ್ಲಿ ಹಸಿ ಅಡಿಕೆ ಸುಲಿದು ಬೆರಳ ತುದಿ ಕಪ್ಪುಗಟ್ಟಿರುತ್ತದೆ, ಗೆರೆ ಸವೆದಿರುತ್ತದೆ. ನಾಟಿಯ ಕಾಲದಲ್ಲಿ ಕೆಸರಿನಲ್ಲಿದ್ದ ಚರ್ಮ ಮೆತ್ತಗಾಗಿ ಸುಕ್ಕುಗಟ್ಟಿರುತ್ತದೆ. ರೇಷನ್ ಅಂಗಡಿಯಲ್ಲಿ ನಾಲ್ಕು ಸಲ ಬೆರಳಿಟ್ಟು ಅಭ್ಯಾಸವಾದವರಿಗೆ ಇಲ್ಲಿ ಎರಡನೇ ಸಲ ಇಡುವುದರಲ್ಲಿ ಅನುಮಾನವೇ ಬರುವುದಿಲ್ಲ. ದುಡಿದು ಸವೆದ ಕೈಯನ್ನೇ ಮೋಸಕ್ಕೆ ದಾರಿ ಮಾಡಿಕೊಂಡಿರುವುದನ್ನು ಕಂಡರೆ ನಮಗೆ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ನಮ್ಮ ಅಂಗಡಿಗಳಿಗೆ ಬಂದವರಿಗೆ ಹೇಳುವ ಮಾತನ್ನು ಇಲ್ಲಿಯೂ ಬರೆಯುತ್ತೇವೆ. ಬೆರಳಿಡುವ ಮೊದಲು ಸೋಪು ಹಚ್ಚಿ ತೊಳೆದು ಒಣಗಿಸಿಕೊಳ್ಳಿ. ಹೆಬ್ಬೆರಳು ಬಾರದಿದ್ದರೆ ತೋರುಬೆರಳು, ಉಂಗುರದ ಬೆರಳು ಇಟ್ಟು ನೋಡಿ. ಹೊಂದಲಿಲ್ಲ ಎಂದರೆ ಪರದೆಯನ್ನು ತೋರಿಸಲು ಕೇಳಿ. ಬೆರಳು ಹೊಂದದಿದ್ದಾಗ ಆಧಾರ್ ವ್ಯವಸ್ಥೆ ಕೊಡುವ ದೋಷ ಸಂಖ್ಯೆ 300. ಆ ಸಂಖ್ಯೆಯೋ ಅದೇ ಅರ್ಥದ ಸಂದೇಶವೋ ಪರದೆಯ ಮೇಲೆ ಇರಬೇಕು. ತೋರಿಸಲು ಒಪ್ಪದಿದ್ದರೆ ಎದ್ದು ಬನ್ನಿ. ಆಮೇಲೂ ಅನುಮಾನ ಉಳಿದರೆ ಆಧಾರ್ ಜಾಲತಾಣದಲ್ಲಿ ಅಥವಾ ಆಧಾರ್‌ನ ಅಧಿಕೃತ ಆಪ್‌ನಲ್ಲಿ ದೃಢೀಕರಣದ ಇತಿಹಾಸ ತೆರೆದು ನೋಡಬಹುದು. ಕಳೆದ 6 ತಿಂಗಳಲ್ಲಿ ಯಾವ ದಿನ, ಎಷ್ಟು ಗಂಟೆಗೆ, ಯಾವ ಸಂಸ್ಥೆಗೆ ನಿಮ್ಮ ಬೆರಳು ಹೋಯಿತು, ಹೊಂದಿತೋ ಇಲ್ಲವೋ ಎಲ್ಲವೂ ಅಲ್ಲಿ ಇರುತ್ತದೆ. ಐದು ನಿಮಿಷದ ಅಂತರದಲ್ಲಿ ಎರಡು ಸಲ ಹೊಂದಿದ್ದರೆ ಅದರ ಚಿತ್ರ ತೆಗೆದಿಟ್ಟುಕೊಳ್ಳಿ, ದೂರು ಕೊಡುವಾಗ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಅದೇ ಆಪ್‌ನಲ್ಲಿ ಬೆರಳಚ್ಚನ್ನು ಲಾಕ್ ಮಾಡಿ, ಬೇಕಾದಾಗ ಮಾತ್ರ ತೆರೆಯುವ ಸೌಲಭ್ಯವೂ ಇದೆ.

ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡುವುದಕ್ಕೆ 2023ರ ಮೇ ತಿಂಗಳಿನಿಂದ ಸಂಚಾರ್ ಸಾಥಿ ಜಾಲತಾಣ ಇದೆ. ಮೊಬೈಲ್ ನಂಬರ್ ಹಾಕಿ, ಬಂದ ಒಟಿಪಿ ಕೊಟ್ಟರೆ ಪಟ್ಟಿ ಬರುತ್ತದೆ. ನಮ್ಮದಲ್ಲದ ನಂಬರಿನ ಎದುರು ‘ನಾಟ್ ಮೈ ನಂಬರ್’ ಎಂದು ಒತ್ತಿ ಕಳಿಸಬೇಕು, ಸಿಗುವ ಉಲ್ಲೇಖ ಸಂಖ್ಯೆಯನ್ನು ಬರೆದಿಡಬೇಕು. ಒಬ್ಬರ ಹೆಸರಿನಲ್ಲಿ ನಮ್ಮ ರಾಜ್ಯದಲ್ಲಿ 9 ಸಿಮ್ ಮಾತ್ರ ಇರಬಹುದು. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಮಿತಿ ಮೀರಿದರೆ ಮೊದಲ ಸಲಕ್ಕೆ 50,000 ರೂಪಾಯಿವರೆಗೆ ದಂಡ, ಮತ್ತೆ ಆದರೆ 2 ಲಕ್ಷದವರೆಗೆ. ಮೋಸದಿಂದ, ಇನ್ನೊಬ್ಬರ ಸೋಗಿನಲ್ಲಿ ಸಿಮ್ ಪಡೆದರೆ 3 ವರ್ಷದವರೆಗೆ ಜೈಲು ಅಥವಾ 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾನೂನು ಗಟ್ಟಿಯಾಗಿಯೇ ಇದೆ. ಆದರೆ ಪೊಲೀಸರ ವಿಚಾರಣೆ ಮೊದಲು ಬರುವುದು ದಾಖಲೆಯಲ್ಲಿ ಹೆಸರಿದ್ದವರ ಮನೆ ಬಾಗಿಲಿಗೆ. ದೂರದ ಯಾವುದೋ ರಾಜ್ಯದ ಠಾಣೆಯಿಂದ ಫೋನ್ ಬಂದಾಗ ನಿಟ್ಟೂರಿನ ಒಬ್ಬ ಕೂಲಿಕಾರ ಏನೆಂದು ಉತ್ತರ ಹೇಳಬೇಕು?

ಮೊದಲೇ ಚಾಲೂ ಆದ ಸಿಮ್ಮಿನ ಕಥೆ ಇನ್ನೊಂದು. ತೋಟದ ಕೆಲಸಕ್ಕೆ ಬಯಲುಸೀಮೆಯಿಂದ, ಹೊರರಾಜ್ಯದಿಂದ ಬಂದವರಿಗೆ ದಾಖಲೆ ಕೇಳದೆ ಕೊಡುವ ಸಿಮ್ಮುಗಳು ಇವು. ಹೆಸರು ಯಾರದ್ದೋ. ಮರುಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಸಿಮ್ ಕಟ್. ಹೆಸರು ಹೊಂದದ ಕಾರಣ ಡೂಪ್ಲಿಕೇಟ್ ಸಿಮ್ ಸಿಗುವುದಿಲ್ಲ. ಆ ನಂಬರಿಗೆ ಬ್ಯಾಂಕ್ ಖಾತೆ, ಯುಪಿಐ ಸೇರಿಸಿಕೊಂಡಿದ್ದರೆ ಎಲ್ಲವೂ ಒಟ್ಟಿಗೆ ನಿಲ್ಲುತ್ತದೆ. ಊರಿನವರಿಗೂ ಇದೇ ಪಾಡು: ರೈತರ ನೋಂದಣಿಯ ಫ್ರೂಟ್ಸ್ ಐಡಿ, ಪಿಎಂ ಕಿಸಾನ್, ಗ್ಯಾಸ್ ಬುಕಿಂಗ್ ಎಲ್ಲವೂ ಒಂದು ನಂಬರಿಗೆ ಜೋತುಬಿದ್ದಿವೆ. ಹೆಸರು ಸರಿಯಿದ್ದರೂ, ಅರ್ಜಿಯಲ್ಲಿ ಬದಲಿ ಸಂಪರ್ಕ ಸಂಖ್ಯೆ ಎಂಬ ಜಾಗದಲ್ಲಿ ಕೊಡೆಯವನು ತನ್ನ ನಂಬರನ್ನೇ ತುಂಬಿರುತ್ತಾನೆ. ಸಿಮ್ ಕಳೆದಾಗ ಪರಿಶೀಲನೆಯ ಕರೆ ಅವನಿಗೆ ಹೋಗುತ್ತದೆ, ಅವನು ಆ ಹೊತ್ತಿಗೆ ಬೇರೆ ಜಿಲ್ಲೆಯಲ್ಲಿರುತ್ತಾನೆ. ಡೂಪ್ಲಿಕೇಟ್ ಸಿಮ್ ಸಿಕ್ಕವರೂ ಗಾಬರಿಯಾಗುವ ಒಂದು ಸಂಗತಿ ಇದೆ: ಚಾಲೂ ಆದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ವಂಚಕರಿಗೆ ಒಟಿಪಿ ಸಿಗದಿರಲೆಂದು ಮಾಡಿದ ನಿಯಮ ಅದು, ಸಿಮ್ ಕೆಟ್ಟಿಲ್ಲ.

ಸಿಗ್ನಲ್ಲಿನ ಮಾತು ಮಲೆನಾಡಿನಲ್ಲಿ ಬೆಲೆಗಿಂತ ದೊಡ್ಡದು. ಸಾಗರದ ಪೇಟೆಯಲ್ಲಿ ಐದು ಕಡ್ಡಿ ತೋರಿಸುವ ಸಿಮ್ ತುಮರಿಯ ಕಡೆಯ ಒಂದು ಮನೆಯ ಜಗಲಿಯಲ್ಲಿ ಸತ್ತಿರುತ್ತದೆ. ಗುಡ್ಡ ಅಡ್ಡ ಬಂದರೆ ಅರ್ಧ ಕಿಲೋಮೀಟರಿನ ಟವರೂ ಕಾಣುವುದಿಲ್ಲ. ಹೊಸ ನಂಬರನ್ನು 90 ದಿನ ಕಳೆಯುವವರೆಗೆ ಪೋರ್ಟ್ ಮಾಡುವಂತಿಲ್ಲ. ಅಂದರೆ ಮೂರು ತಿಂಗಳು ಆ ಸಿಮ್ ಕಟ್ಟಿಕೊಂಡು ಕೂರಬೇಕು. ಕೊಳ್ಳುವ ಮೊದಲು ಮನೆಯಲ್ಲೇ ನಿಂತು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್ ತೆರೆದು, ಜಾಲವನ್ನು ತಾನಾಗಿ ಆಯ್ಕೆ ಮಾಡುವ ಗುಂಡಿಯನ್ನು ಆಫ್ ಮಾಡಿದರೆ ಅಲ್ಲಿಗೆ ತಲುಪುವ ಕಂಪನಿಗಳ ಹೆಸರೆಲ್ಲ ಬರುತ್ತವೆ. ಪಟ್ಟಿಯಲ್ಲಿ ಇಲ್ಲದ ಕಂಪನಿಯ ಸಿಮ್ ಪುಕ್ಕಟೆ ಸಿಕ್ಕರೂ ಬೇಡ. ಪಟ್ಟಿಯಲ್ಲಿದ್ದರೆ ಪಕ್ಕದ ಮನೆಯವರ ಸಿಮ್ ಹಾಕಿ ಮಾತಾಡಿ ನೋಡಬೇಕು, ಏಕೆಂದರೆ ಹೆಸರು ಕಂಡ ಮಾತ್ರಕ್ಕೆ ಇಂಟರ್ನೆಟ್ ಓಡುತ್ತದೆ ಎಂದಲ್ಲ. ಹಳೆಯ 2ಜಿ ಕೀಪ್ಯಾಡ್ ಸೆಟ್ಟಿಗೆ 2ಜಿ ಜಾಲವೇ ಇಲ್ಲದ ಕಂಪನಿಯ ಸಿಮ್ ಹಾಕಿ ಕಳಿಸುವುದೂ ನಡೆಯುತ್ತಿದೆ. ಅದರಲ್ಲಿ ಒಂದು ಕರೆಯೂ ಬರುವುದಿಲ್ಲ.

ಹಾಗೆಂದು ಕೊಡೆಗಳನ್ನೆಲ್ಲ ಎತ್ತಿಸಿ ಎಂದು ನಾವು ಕೇಳುವುದಿಲ್ಲ. ಕಂಪನಿಗಳ ಸ್ವಂತ ಮಳಿಗೆ ಇರುವುದು ಶಿವಮೊಗ್ಗದಂಥ ಪೇಟೆಗಳಲ್ಲಿ. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಿಂದ, ಆಗುಂಬೆಯಿಂದ ಒಂದು ಸಿಮ್ಮಿಗಾಗಿ ಅಲ್ಲಿಗೆ ಹೋಗಿ ಬರುವುದೆಂದರೆ ಬಸ್ ಚಾರ್ಜಿನ ಜೊತೆ ಒಂದು ದಿನದ ಕೂಲಿಯೂ ಹೋಗುತ್ತದೆ. ಸಂತೆಗೆ ಬಂದವರು ಸಂತೆಯಲ್ಲೇ ಸಿಮ್ ಕೊಳ್ಳುವುದು ಸಹಜ. ಬೇಕಾದದ್ದು, ಮಾರುವವನು ಯಾರೆಂದು ಗೊತ್ತಾಗುವ ವ್ಯವಸ್ಥೆ.

ಅದಕ್ಕೆ ಬೇಕಾದ ನಿಯಮ ಈಗಾಗಲೇ ಇದೆ. 2023ರ ಡಿಸೆಂಬರ್ 1ರಿಂದ ಸಿಮ್ ಮಾರುವ ಪ್ರತಿಯೊಬ್ಬರೂ ಕಂಪನಿಯಲ್ಲಿ ನೋಂದಾಯಿಸಿಕೊಂಡಿರಬೇಕು. ನೋಂದಣಿ ಇಲ್ಲದವರಿಂದ ಮಾರಿಸಿದರೆ ಕಂಪನಿಗೆ 10 ಲಕ್ಷ ರೂಪಾಯಿ ದಂಡ, ಅಕ್ರಮ ಮಾಡಿದ ಮಾರಾಟಗಾರ 3 ವರ್ಷ ಕಪ್ಪುಪಟ್ಟಿಗೆ. ಡಿಜಿಟಲ್ ಅರ್ಜಿಗೆ ಸ್ಥಳದಲ್ಲೇ ತೆಗೆಯುವ ಫೋಟೋದಲ್ಲಿ ದಿನ, ಗಂಟೆ, ಜಾಗ, ಮಾರಾಟಗಾರನ ಗುರುತು ಎಲ್ಲ ಅಚ್ಚಾಗಿರುತ್ತದೆ. ಮೋಸ ಎಲ್ಲಿ ನಡೆಯಿತೆಂದು ಹುಡುಕುವುದು ಕಂಪನಿಗೆ ಕಷ್ಟವಲ್ಲ, ಕೇಳುವವರು ಬೇಕು.

ಆ ಕೇಳುವ ಕೆಲಸ ತಮ್ಮದು ಎಂದು ನಮ್ಮ ಕೋರಿಕೆ. ಮುಂದಿನ ದಿಶಾ ಸಭೆಗೆ ಎಲ್ಲ ಮೊಬೈಲ್ ಕಂಪನಿಗಳ ಜಿಲ್ಲಾ ಹೊಣೆಗಾರರನ್ನು ಕರೆಸಿ, ತಾಲ್ಲೂಕುವಾರು ನೋಂದಾಯಿತ ಮಾರಾಟಗಾರರ ಪಟ್ಟಿ ತರಿಸಿ, ಗ್ರಾಮ ಪಂಚಾಯಿತಿಗಳ ಸೂಚನಾ ಫಲಕದಲ್ಲಿ ಹಾಕಿಸಿ. ಸಂತೆಯಲ್ಲಿ ಜಾಗದ ಸುಂಕ ವಸೂಲಿ ಸ್ಥಳೀಯ ಸಂಸ್ಥೆಯ ಕೈಯಲ್ಲಿದೆ. ನೋಂದಣಿ ಸಂಖ್ಯೆಯನ್ನು ಎದೆಗೆ ತೂಗುಹಾಕಿಕೊಳ್ಳದ ಸಿಮ್ ಮಾರಾಟಗಾರನಿಗೆ ಸುಂಕದ ಚೀಟಿ ಹರಿಯಬಾರದು ಎಂಬ ಒಂದು ಷರತ್ತು ಸಾಕು, ಅರ್ಧ ಮೋಸ ಅಲ್ಲೇ ನಿಲ್ಲುತ್ತದೆ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ (ಗ್ರಂಥಾಲಯಗಳಲ್ಲಿ) ವಾರಕ್ಕೊಂದು ದಿನ ಸಂಚಾರ್ ಸಾಥಿ ಪಟ್ಟಿ ನೋಡಿಕೊಡುವ ಏರ್ಪಾಡು ಆಗಲಿ. ಅಂಚೆ ಕಚೇರಿಗಳಲ್ಲಿ ಬಿಎಸ್‌ಎನ್‌ಎಲ್ ಸಿಮ್ ಮಾರುವ ಒಪ್ಪಂದ 2025ರ ಸೆಪ್ಟೆಂಬರಿನಲ್ಲಿ ಆಗಿದೆ. ಅದನ್ನು ಜಿಲ್ಲೆಯಲ್ಲಿ ಮೊದಲು ಶರಾವತಿ ಹಿನ್ನೀರಿನ ಆಚೆಯ ಊರುಗಳಲ್ಲಿ, ಘಟ್ಟದ ಅಂಚಿನ ಊರುಗಳಲ್ಲಿ ಜಾರಿ ಮಾಡಿಸಿ. ಪೋಸ್ಟ್‌ಮಾಸ್ಟರನ್ನು ಊರಿಗೆ ಊರೇ ಬಲ್ಲದು.

ಸಂಸತ್ತಿನಲ್ಲಿ ಎತ್ತಬೇಕಾದ ವಿಷಯ ಒಂದಿದೆ. ಸಿಮ್ ಅರ್ಜಿಯಲ್ಲಿ ಕೊಟ್ಟ ವಿಳಾಸದಲ್ಲಿ ಆ ಕಂಪನಿಯ ಸಿಗ್ನಲ್ ಇಲ್ಲವೆಂದು ಸಾಬೀತಾದರೆ 90 ದಿನ ಕಾಯಿಸದೆ ಪೋರ್ಟ್ ಮಾಡಲು ಬಿಡಬೇಕು. ಕಂಪನಿಗಳು ತಮ್ಮ ಜಾಲದ ನಕ್ಷೆಯನ್ನು ಜಾಲತಾಣದಲ್ಲಿ ಹಾಕಬೇಕೆಂದು ಟ್ರಾಯ್ ಕಡ್ಡಾಯ ಮಾಡಿದೆ. ನಕ್ಷೆಯಲ್ಲಿ ಹಸಿರು ಬಳಿದ ಕಡೆ ಸಿಗ್ನಲ್ ಸಿಗದಿದ್ದರೆ ಅದರ ನಷ್ಟ ಗಿರಾಕಿಯ ಪಾಲಿಗೆ ಬರಬಾರದು.

ಸಭೆಗೆ ಕರೆದರೆ ಬೆರಳಚ್ಚಿನ ಯಂತ್ರ, ಅರ್ಜಿಯ ಮಾದರಿ ಸಮೇತ ಬಂದು ಈ ಮೋಸ ನಡೆಯುವ ಬಗೆಯನ್ನು ಅಧಿಕಾರಿಗಳ ಎದುರೇ ತೋರಿಸಲು ನಾವು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮೊಬೈಲ್ ಅಂಗಡಿಯವರು