500ಕ್ಕಿಂತ ಕಡಿಮೆ ಪ್ರತಿಗಳಿಗೆ ಇನ್ನು ಆಫ್‌ಸೆಟ್ ಇಲ್ಲ: ಗ್ರಾಹಕರಿಗೆ ಪತ್ರ

ಗ್ರಾಹಕರಿಗೆ ನಮಸ್ಕಾರ.

ಬರುವ ತಿಂಗಳ ಮೊದಲ ದಿನದಿಂದ 500 ಪ್ರತಿಗಿಂತ ಕಡಿಮೆ ಇರುವ ಕೆಲಸವನ್ನು ನಮ್ಮ ಮುದ್ರಣಾಲಯದಲ್ಲಿ ಪ್ಲೇಟಿನಿಂದ ಅಚ್ಚು ತೆಗೆಯುವ ಆಫ್‌ಸೆಟ್ ಯಂತ್ರಕ್ಕೆ ಹಾಕುವುದಿಲ್ಲ. ಅಂಥವೆಲ್ಲ ಹೊಸದಾಗಿ ತಂದಿರುವ ಡಿಜಿಟಲ್ ಯಂತ್ರದಲ್ಲಿ ಆಗುತ್ತವೆ. 500ರಿಂದ 1000 ಪ್ರತಿಯವರೆಗೆ ಎರಡರ ದರವನ್ನೂ ಬರೆದುಕೊಡುತ್ತೇವೆ, ಯಾವುದು ಬೇಕೆಂದು ನೀವೇ ಹೇಳಿ. ಅದರಾಚೆಗೆ ಎಂದಿನಂತೆ ಆಫ್‌ಸೆಟ್. ಈಗಾಗಲೇ ಒಪ್ಪಿಕೊಂಡಿರುವ ಕೆಲಸಗಳಿಗೆ ಈ ಬದಲಾವಣೆ ಅನ್ವಯಿಸುವುದಿಲ್ಲ.

“ಇಷ್ಟು ದಿನ ಮಾಡಿಕೊಡುತ್ತಿದ್ದಿರಲ್ಲ, ಈಗೇನಾಯ್ತು?” ಎಂದು ಕೆಲವರು ಕೇಳಿದ್ದಾರೆ. ಡಿಜಿಟಲ್ ಅಂದರೆ ದೊಡ್ಡ ಜೆರಾಕ್ಸ್ ತಾನೇ ಎಂಬ ಅನುಮಾನವೂ ಹಲವರಿಗಿದೆ. ಯಂತ್ರದೊಳಗೆ ಏನು ನಡೆಯುತ್ತದೆ ಎಂದು ಬಿಡಿಸಿ ಹೇಳಿದರೆ ನಮ್ಮ ಲೆಕ್ಕ ನಿಮಗೂ ಸರಿ ಅನ್ನಿಸೀತು.

ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ. ಆಫ್‌ಸೆಟ್‌ನ ಬುಡದಲ್ಲಿರುವುದು ಇಷ್ಟೇ. 1796ರ ಸುಮಾರಿಗೆ, ಈಗ ಜರ್ಮನಿಯಲ್ಲಿರುವ ಬವೇರಿಯಾದಲ್ಲಿ ಅಲೋಯಿಸ್ ಸೆನೆಫೆಲ್ಡರ್ ಈ ಗುಣವನ್ನು ಬಳಸಿಕೊಂಡು ಕಲ್ಲಿನಿಂದ ಅಚ್ಚು ತೆಗೆದ. ಈಗ ಕಲ್ಲಿನ ಜಾಗದಲ್ಲಿ ತೆಳುವಾದ ಅಲ್ಯೂಮಿನಿಯಂ ಪ್ಲೇಟು. ಅದರ ಮೇಲೆ ಬೆರಳಾಡಿಸಿದರೆ ಅಕ್ಷರ ಉಬ್ಬಿದ್ದೂ ತಿಳಿಯುವುದಿಲ್ಲ, ತಗ್ಗಿದ್ದೂ ತಿಳಿಯುವುದಿಲ್ಲ. ಸೀಸದ ಅಚ್ಚುಮೊಳೆ ಜೋಡಿಸಿ ಅಭ್ಯಾಸವಿದ್ದ ಹಳಬರು ಇದನ್ನು ನಂಬುವುದಕ್ಕೇ ಸಮಯ ತೆಗೆದುಕೊಂಡರು. ಅಕ್ಷರ, ಚಿತ್ರ ಇರುವಲ್ಲಿ ಪ್ಲೇಟು ಎಣ್ಣೆಯಂಶದ ಶಾಯಿಯನ್ನು ಹಿಡಿಯುತ್ತದೆ, ಖಾಲಿ ಜಾಗದಲ್ಲಿ ನೀರನ್ನು ಹಿಡಿದು ಶಾಯಿಯನ್ನು ದೂರ ಇಡುತ್ತದೆ.

ಪ್ಲೇಟು ಕಾಗದವನ್ನು ಮುಟ್ಟುವುದೇ ಇಲ್ಲ. ಶಾಯಿ ಮೊದಲು ಬ್ಲಾಂಕೆಟ್ ಎಂಬ ರಬ್ಬರ್ ಹೊದಿಕೆಗೆ ಇಳಿದು, ಅಲ್ಲಿಂದ ಕಾಗದಕ್ಕೆ ಬರುತ್ತದೆ. ರಬ್ಬರ್ ಮೆತ್ತಗಿರುವುದರಿಂದ ಒರಟು ಕಾಗದದ ಸಣ್ಣ ತಗ್ಗುಗಳಿಗೂ ಶಾಯಿ ತಲುಪುತ್ತದೆ, ಪ್ಲೇಟೂ ಬೇಗ ಸವೆಯುವುದಿಲ್ಲ. 1904ರ ಸುಮಾರಿಗೆ ಅಮೆರಿಕದ ಮುದ್ರಕ ಐರಾ ರೂಬೆಲ್‌ಗೆ ಇದು ಹೊಳೆದದ್ದು ಆಕಸ್ಮಿಕವಾಗಿ ಎನ್ನುತ್ತಾರೆ: ಯಂತ್ರಕ್ಕೆ ಒಂದು ಹಾಳೆ ಕೊಡುವುದು ತಪ್ಪಿತು, ಅಚ್ಚು ಕಾಗದವನ್ನು ಒತ್ತುವ ಸಿಲಿಂಡರಿನ ರಬ್ಬರಿಗೇ ಬಿತ್ತು, ಮುಂದಿನ ಹಾಳೆಯ ಹಿಂಬದಿಗೆ ಅದು ಮುಂಬದಿಗಿಂತ ಚೆನ್ನಾಗಿ ಮೂಡಿತು.

ಇನ್ನು ಖರ್ಚಿನ ವಿಷಯ. ಬಣ್ಣದ ಚಿತ್ರ ಎಂದರೆ ಸಯಾನ್ (ತಿಳಿನೀಲಿ), ಮಜೆಂಟಾ (ಗಾಢ ಗುಲಾಬಿ), ಹಳದಿ, ಕಪ್ಪು ಈ ನಾಲ್ಕರ ಸಣ್ಣ ಸಣ್ಣ ಚುಕ್ಕೆಗಳು. ಒಂದೊಂದು ಬಣ್ಣಕ್ಕೂ ಒಂದು ಪ್ಲೇಟು. ಎರಡೂ ಬದಿ ಬಣ್ಣವಿದ್ದರೆ ಎಂಟು. (ಸಣ್ಣ ಅಳತೆಯ ಕೆಲಸವಾದರೆ ಎರಡೂ ಬದಿಯನ್ನು ಒಂದೇ ಪ್ಲೇಟಿನಲ್ಲಿ ಕೂರಿಸಿ, ಹಾಳೆ ಮಗುಚಿ ಹಾಕಿ, ನಾಲ್ಕರಲ್ಲೇ ಮುಗಿಸುವುದುಂಟು. ಸಾಧ್ಯವಿರುವಲ್ಲೆಲ್ಲ ಹಾಗೇ ಮಾಡುತ್ತೇವೆ.) ಪ್ಲೇಟು ಕಟ್ಟಿದ ಕೂಡಲೇ ಒಳ್ಳೆಯ ಹಾಳೆ ಬರುವುದಿಲ್ಲ. ನೀರು ಕಡಿಮೆಯಾದರೆ ಖಾಲಿ ಜಾಗಕ್ಕೂ ಶಾಯಿ ಹತ್ತಿ ಹಾಳೆಯೆಲ್ಲ ಮಾಸಲು. ಹೆಚ್ಚಾದರೆ ಬಣ್ಣ ತೊಳೆದಂತೆ ಪೇಲವ. ಆಪರೇಟರು ಆಗಾಗ ಒಂದು ಹಾಳೆ ಎಳೆದು, ಅಂಚಿನಲ್ಲಿರುವ ಕೂಡುಗುರುತಿನ ಮೇಲೆ ಭೂತಗನ್ನಡಿ ಇಟ್ಟು ನೋಡುತ್ತಾರೆ. ನಾಲ್ಕೂ ಬಣ್ಣದ ಗೆರೆ ಒಂದರ ಮೇಲೊಂದು ಕೂತಿರಬೇಕು. ಮಜೆಂಟಾ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದಿದ್ದರೂ ಮುಖದ ಚಿತ್ರದಲ್ಲಿ ತುಟಿ ಎರಡಾಗಿ ಕಾಣುತ್ತದೆ. ಇದೆಲ್ಲ ಹದಕ್ಕೆ ಬರುವಷ್ಟರಲ್ಲಿ ನೂರಾರು ಹಾಳೆ ರದ್ದಿಗೆ ಹೋಗಿರುತ್ತವೆ. ಆಮೇಲೆ ಮಾತ್ರ ಗಂಟೆಗೆ ಸಾವಿರಗಟ್ಟಲೆ ಹಾಳೆ, ಎಲ್ಲವೂ ಒಂದೇ ಥರ.

ನೀವು 100 ಪ್ರತಿ ಕೇಳಿದರೂ, 10,000 ಕೇಳಿದರೂ ಪ್ಲೇಟು ಅಷ್ಟೇ, ಹದ ಮಾಡುವ ಹೊತ್ತೂ ಹೆಚ್ಚುಕಡಿಮೆ ಅಷ್ಟೇ. ಆ ಖರ್ಚು 10,000ಕ್ಕೆ ಹಂಚಿದಾಗ ಲೆಕ್ಕಕ್ಕೇ ಬರುವುದಿಲ್ಲ. 100ಕ್ಕೆ ಹಂಚಿದಾಗ ಅದೇ ದೊಡ್ಡದು. 100 ಆಹ್ವಾನ ಪತ್ರಿಕೆಗೆ ಅದಕ್ಕಿಂತ ಹೆಚ್ಚು ಹಾಳೆ ರದ್ದಿಗೆ ಹಾಕಿ, ಅದರ ಹಣವನ್ನೂ ನಿಮ್ಮಿಂದಲೇ ತೆಗೆದುಕೊಳ್ಳುವುದು ನಮಗೆ ಸರಿ ಕಾಣುತ್ತಿಲ್ಲ.

ಡಿಜಿಟಲ್ ಯಂತ್ರಕ್ಕೆ ಪ್ಲೇಟು ಬೇಡ. ಫೈಲಿನಿಂದ ನೇರವಾಗಿ ಟೋನರ್ ಎಂಬ ಬಣ್ಣದ ಪುಡಿ ಕಾಗದದ ಮೇಲೆ ಕೂತು ಬಿಸಿಗೆ ಅಂಟಿಕೊಳ್ಳುತ್ತದೆ. ಮೊದಲ ಪ್ರತಿಯ ಖರ್ಚೇ ಕೊನೆಯ ಪ್ರತಿಗೂ. ಪ್ರತಿಯೊಂದರಲ್ಲೂ ಬೇರೆ ಹೆಸರು, ಬೇರೆ ಸಂಖ್ಯೆ ಬರಬೇಕಾದ ಪ್ರಮಾಣಪತ್ರದಂಥವಕ್ಕೆ ಎಷ್ಟೇ ಪ್ರತಿ ಇದ್ದರೂ ಇದೇ ಸುಲಭ. ಕೊರತೆಯೂ ಇದೆ, ಮುಚ್ಚಿಡುವುದಿಲ್ಲ. ದಪ್ಪ ಕಾರ್ಡಿನ ತುಂಬ ಗಾಢ ಬಣ್ಣವಿದ್ದು ಅದನ್ನು ಮಡಿಸಿದರೆ ಮಡಿಕೆಯಲ್ಲಿ ಟೋನರ್ ಬಿರಿಯುತ್ತದೆ. ಅದಕ್ಕೆ ಮೊದಲೇ ಗೆರೆ ಒತ್ತಿಸಿ ಮಡಿಸುತ್ತೇವೆ. ಪೂರ್ತಿ ತಪ್ಪುತ್ತದೆ ಎನ್ನಲಾರೆವು, ಆದ್ದರಿಂದ ಮಡಿಕೆಯ ಜಾಗದಲ್ಲಿ ತಿಳಿ ಬಣ್ಣ ಇಟ್ಟುಕೊಳ್ಳುವುದು ಒಳ್ಳೆಯದು. ಇನ್ನೊಂದು ಮಾತು: ಈಗ 200 ಪ್ರತಿ ಡಿಜಿಟಲ್‌ನಲ್ಲಿ ಮಾಡಿಸಿ, ಆರು ತಿಂಗಳ ನಂತರ 3000 ಆಫ್‌ಸೆಟ್‌ನಲ್ಲಿ ಮಾಡಿಸಿದರೆ ಎರಡರ ಬಣ್ಣ ಪಕ್ಕಪಕ್ಕ ಇಟ್ಟಾಗ ಒಂದೇ ಥರ ಕಾಣದಿರಬಹುದು. ಅಂಥ ಯೋಚನೆ ಇದ್ದರೆ ಮೊದಲೇ ಹೇಳಿ.

500ರ ಗೆರೆಗೆ ಒಂದೇ ವಿನಾಯಿತಿ. ನಿಮ್ಮ ಲಾಂಛನಕ್ಕೆ ಗೊತ್ತುಮಾಡಿದ ವಿಶೇಷ ಬಣ್ಣ, ಬಂಗಾರ ಅಥವಾ ಬೆಳ್ಳಿ ಶಾಯಿ, ಇಲ್ಲವೇ ಟೋನರ್ ಸರಿಯಾಗಿ ಹಿಡಿಯದ ಒರಟು ಕಾಗದ ಬೇಕೇ ಬೇಕೆಂದರೆ ಕಡಿಮೆ ಪ್ರತಿಗೂ ಆಫ್‌ಸೆಟ್ ಮಾಡಿಕೊಡುತ್ತೇವೆ. ದರ ಕೇಳಿದ ಮೇಲೆ ಬೇಸರ ಮಾಡಿಕೊಳ್ಳಬಾರದು, ಅಷ್ಟೆ.

ಆಫ್‌ಸೆಟ್ ಕೆಲಸಕ್ಕೆ ಎರಡು ವಿನಂತಿ. ಪ್ಲೇಟು ಮಾಡುವ ಮುಂಚೆ ತಪ್ಪು ನೋಡಲು ಕೊಡುವ ಕರಡು ಪ್ರತಿ, ಅಂದರೆ ಪ್ರೂಫ್ ಮೇಲೆ ನಿಮ್ಮ ಸಹಿ ಬೇಕು. ಆಮೇಲೆ ಒಂದು ಕೊಂಬು ತಪ್ಪಿದ್ದು ಕಂಡರೂ ಹೊಸ ಪ್ಲೇಟೇ ಗತಿ, ಅದರ ಖರ್ಚು ನಿಮ್ಮದು. ಫೋನಿನ ಪರದೆಯಲ್ಲಿ ನೋಡಿ “ಓಕೆ” ಅನ್ನುವ ಬದಲು ಕಾಗದದ ಮೇಲೆ, ಸಾಧ್ಯವಾದರೆ ಮನೆಯಲ್ಲಿ ಇನ್ನೊಬ್ಬರಿಂದಲೂ, ಓದಿಸಿ. ಎರಡನೆಯದು ಸಮಯ. ನುಣುಪು ಕಾಗದದ ಮೇಲೆ ಗಾಢ ಬಣ್ಣ ಒಣಗಲು ಹೊತ್ತು ಬೇಕು. ಹಸಿಯಿರುವಾಗಲೇ ಕತ್ತರಿಸಿ ಕಟ್ಟಿದರೆ ಮೇಲಿನ ಹಾಳೆಯ ಬೆನ್ನಿಗೆ ಕೆಳಗಿನ ಚಿತ್ರ ಹತ್ತುತ್ತದೆ. ಬೆಳಿಗ್ಗೆ ಕೊಟ್ಟು ಸಂಜೆಗೆ ಬೇಕೆನ್ನುವ ಕೆಲಸವಿದ್ದರೆ ಪ್ರತಿ ಎಷ್ಟೇ ಇರಲಿ, ಡಿಜಿಟಲ್ ದರವನ್ನೂ ಕೇಳಿ ನೋಡಿ.

ಫೈಲು ಕಳಿಸುವಾಗ ಬಣ್ಣ ಪರದೆಗೆ ಬಳಸುವ ಆರ್‌ಜಿಬಿಯಲ್ಲಲ್ಲ (ಕೆಂಪು, ಹಸಿರು, ನೀಲಿ), ಮೇಲೆ ಹೇಳಿದ ನಾಲ್ಕು ಬಣ್ಣದ ಸಿಎಂವೈಕೆಯಲ್ಲಿರಲಿ. ಚಿತ್ರ ಅಚ್ಚಾಗುವ ಅಳತೆಯಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕೆ) ಇರಲಿ. ಅಂಚಿನವರೆಗೆ ಬಣ್ಣವಿದ್ದರೆ ಸುತ್ತ ಆ ಬಣ್ಣವನ್ನೇ 3 ಮಿ.ಮೀ. ಹೆಚ್ಚು ಬಿಡಿ. ಎರಡೂ ಯಂತ್ರಕ್ಕೆ ಇದು ಒಂದೇ.

ನಿಮ್ಮ ವಿಶ್ವಾಸಿ,
ಮುದ್ರಣಾಲಯದ ವ್ಯವಸ್ಥಾಪಕರು