ಉದ್ಯಾನದ ಟೆಂಟುಗಳು ಮತ್ತು ತೆರವಿನ ಮನವಿ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೆ,

ಶಾಲೆಯ ಹಿಂಗೋಡೆಗೆ ಹೊಂದಿಕೊಂಡಿರುವ ಸಾರ್ವಜನಿಕ ಉದ್ಯಾನದ ಅಂಚಿನಲ್ಲಿ ಕೆಲವು ತಿಂಗಳಿಂದ ಮನೆಯಿಲ್ಲದ ಕುಟುಂಬಗಳು ಟಾರ್ಪಾಲು ಕಟ್ಟಿಕೊಂಡು ವಾಸಿಸುತ್ತಿರುವುದು ತಮಗೆಲ್ಲ ತಿಳಿದೇ ಇದೆ. ಅವರನ್ನು ಕೂಡಲೇ ತೆರವುಗೊಳಿಸಬೇಕೆಂದು ಪಾಲಿಕೆಗೆ ಬರೆದ ಮನವಿಯೊಂದನ್ನು ತಮ್ಮಲ್ಲಿ ಕೆಲವರು ಕಳೆದ ವಾರ ನನ್ನ ಕೊಠಡಿಗೆ ತಂದು, ಶಾಲೆಯ ಮೊಹರಿನೊಂದಿಗೆ ನಾನೂ ಸಹಿ ಹಾಕಬೇಕೆಂದು ಕೇಳಿದರು. ಯೋಚಿಸಿ ಹೇಳುತ್ತೇನೆ ಎಂದಿದ್ದೆ. ಆ ಮನವಿ ಈಗಿರುವ ರೂಪದಲ್ಲಿ ನಾನು ಅದಕ್ಕೆ ಸಹಿ ಹಾಕಲಾರೆ. ಏಕೆಂಬುದನ್ನು ಸಹಿ ಕೇಳಿದವರಿಗಷ್ಟೇ ಹೇಳುವ ಬದಲು ಎಲ್ಲ ಪೋಷಕರಿಗೂ ತಿಳಿಸುವುದು ಸರಿಯೆಂದು ಈ ಪತ್ರ ಬರೆಯುತ್ತಿದ್ದೇನೆ.

ತಮ್ಮ ದೂರುಗಳಲ್ಲಿ ಉತ್ಪ್ರೇಕ್ಷೆಯಿಲ್ಲ. ಫುಟ್‌ಪಾತಿನ ಅರ್ಧ ಭಾಗಕ್ಕೆ ಟಾರ್ಪಾಲಿನ ಹಗ್ಗಗಳು ಅಡ್ಡ ಬಂದಿರುವುದರಿಂದ ಚಿಕ್ಕ ಮಕ್ಕಳು ವಾಹನಗಳು ಓಡಾಡುವ ರಸ್ತೆಗೇ ಇಳಿದು ನಡೆಯಬೇಕಾಗಿದೆ. ಶೌಚಾಲಯವಿಲ್ಲದ ಜಾಗದಲ್ಲಿ ನಲವತ್ತು ಜನ ಬದುಕಿದರೆ ಆಗುವುದೆಲ್ಲ ನಮ್ಮ ಹಿಂಗೋಡೆಯ ಬುಡದಲ್ಲೂ ಆಗಿದೆ. ಮೈದಾನದ ಬೇಲಿಯ ಬಳಿ ಒಡೆದ ಬಾಟಲಿಯ ಚೂರುಗಳನ್ನು ಒಂದು ಬೆಳಿಗ್ಗೆ ನಾನೇ ಆಯ್ದಿದ್ದೇನೆ. (ಅವು ಟೆಂಟಿನವರದ್ದೇ ಎನ್ನಲು ನನ್ನ ಬಳಿ ಆಧಾರವಿಲ್ಲ, ಆ ಉದ್ಯಾನಕ್ಕೆ ರಾತ್ರಿ ಕಾರಿನಲ್ಲಿ ಬಂದು ಕೂರುವವರೂ ಇದ್ದಾರೆ.) ಸೋಮವಾರದಿಂದ ಒಂದರಿಂದ ನಾಲ್ಕನೆಯ ತರಗತಿಯ ಮಕ್ಕಳು ಮುಂದಿನ ಗೇಟಿನಿಂದಲೇ ಓಡಾಡುತ್ತಾರೆ, ಶಾಲೆ ಬಿಡುವ ಹೊತ್ತಿಗೆ ಹಿಂದಿನ ರಸ್ತೆಯಲ್ಲಿ ಇಬ್ಬರು ಶಿಕ್ಷಕರು ನಿಂತಿರುತ್ತಾರೆ.

ಇದೇ ಜಾಗವನ್ನು ಕಳೆದ ವರ್ಷವೂ ತೆರವುಗೊಳಿಸಿದ್ದು ತಮಗೆ ನೆನಪಿರಬಹುದು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಲಾರಿ ಬಂತು. ಹಾಸಿಗೆ, ಪಾತ್ರೆ, ಮಡಚಿಟ್ಟ ಬಟ್ಟೆ ಎಲ್ಲವೂ ಒಟ್ಟಿಗೇ ಅದಕ್ಕೆ ಬಿದ್ದವು; ಅವುಗಳ ಜೊತೆಗೆ ನಮ್ಮದೇ ವಿದ್ಯಾರ್ಥಿಯೊಬ್ಬಳ ಚೀಲವೂ ಹೋಯಿತು. ಮನೆಯಲ್ಲಿ ಬೀರು ಇಲ್ಲದವರಿಗೆ ಮಗುವಿನ ಶಾಲೆಯ ಚೀಲವೇ ಬೀರು: ಜನನ ಪ್ರಮಾಣಪತ್ರ, ತಾಯಿಯ ಗುರುತಿನ ಚೀಟಿ, ಅಜ್ಜಿಯ ಮಾತ್ರೆಗಳ ಚೀಟಿ, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅದರಲ್ಲೇ ಇಟ್ಟಿದ್ದರು. ಹನ್ನೊಂದು ದಿನ ಆ ಹುಡುಗಿ ಶಾಲೆಗೆ ಬರಲಿಲ್ಲ. ಬಂದಾಗ ಊರಿನ ಇನ್ನೊಂದು ತುದಿಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು. ಅವಳು ಯಾರೆಂದು ಹೇಳುವುದಿಲ್ಲ, ದಯವಿಟ್ಟು ಮಕ್ಕಳನ್ನೂ ಕೇಳಬೇಡಿ. ತೆರವಾದ ಮೂರನೆಯ ವಾರಕ್ಕೆ ಅದೇ ಟಾರ್ಪಾಲುಗಳು ಸೇತುವೆಯ ಕೆಳಗೆ ಕಂಡವು, ನಾಲ್ಕು ತಿಂಗಳಿಗೆ ಮತ್ತೆ ನಮ್ಮ ಗೋಡೆಯ ಬಳಿಗೆ ಬಂದವು. ಈ ಬಾರಿಯ ಮನವಿಯೂ ಇಷ್ಟನ್ನೇ ಕೇಳುತ್ತಿದೆ ಎಂಬುದು ನನ್ನ ಮುಖ್ಯ ಆಕ್ಷೇಪ.

ಕಾನೂನು ಏನು ಹೇಳುತ್ತದೆ ಎಂದು ಹಲವರು ಕೇಳಿದ್ದಾರೆ. ಮುಂಬಯಿಯ ಫುಟ್‌ಪಾತ್ ವಾಸಿಗಳ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್ 1985ರಲ್ಲಿ ಜೀವನೋಪಾಯದ ಹಕ್ಕು ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ಆದರೆ ಅದೇ ತೀರ್ಪಿನಲ್ಲಿ ಫುಟ್‌ಪಾತನ್ನು ಅತಿಕ್ರಮಿಸುವ ಹಕ್ಕು ಯಾರಿಗೂ ಇಲ್ಲವೆಂದೂ ಹೇಳಿ, ಮಳೆಗಾಲ ಮುಗಿಯುವವರೆಗೆ, ಅಂದರೆ ಆ ವರ್ಷದ ಅಕ್ಟೋಬರ್ 31ರವರೆಗೆ, ಅವರನ್ನು ಎಬ್ಬಿಸಬಾರದೆಂದು ಆದೇಶಿಸಿತು. ಮೊದಲರ್ಧವನ್ನು ಒಬ್ಬರು, ಎರಡನೆಯ ಅರ್ಧವನ್ನು ಇನ್ನೊಬ್ಬರು ಉಲ್ಲೇಖಿಸುವುದನ್ನು ಬಹಳ ಸಲ ಕೇಳಿದ್ದೇನೆ. ಅಮೆರಿಕದಲ್ಲಿ, ಆಶ್ರಯ ಕೇಂದ್ರಗಳಲ್ಲಿ ಜಾಗವಿಲ್ಲದಿರುವಾಗ ಹೊರಗೆ ಮಲಗಿದವರನ್ನು ಶಿಕ್ಷಿಸುವಂತಿಲ್ಲವೆಂದು ಬೊಯ್ಸಿ ನಗರದ ಪ್ರಕರಣದಲ್ಲಿ 2018ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಹೇಳಿತ್ತು. 2024ರ ಜೂನ್‌ನಲ್ಲಿ ಗ್ರಾಂಟ್ಸ್ ಪಾಸ್ ನಗರದ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಆ ನಿಲುವನ್ನು ತಳ್ಳಿಹಾಕಿತು. ಎಬ್ಬಿಸುವ ಅಧಿಕಾರ ನಗರಾಡಳಿತಕ್ಕೆ ಇದೆಯೆಂದೇ ಇಟ್ಟುಕೊಳ್ಳೋಣ. ಎದ್ದವರು ಆ ರಾತ್ರಿ ಎಲ್ಲಿ ಮಲಗುತ್ತಾರೆ ಎಂಬುದಕ್ಕೆ ಆ ಅಧಿಕಾರದಲ್ಲಿ ಉತ್ತರವಿಲ್ಲ.

ಆಶ್ರಯ ಕೇಂದ್ರವಿದೆಯಲ್ಲ, ಕರೆದರೂ ಇವರೇಕೆ ಹೋಗುವುದಿಲ್ಲ ಎಂಬ ಪ್ರಶ್ನೆ ನನಗೂ ಇತ್ತು. ಕಳೆದ ಶನಿವಾರ ಗೋಡೆಯಾಚೆ ಹೋಗಿ ಕೇಳಿದೆ. ಮುಜುಗರವೇನೋ ಆಯಿತು, ಆದರೂ ಅವರು ಕೂರಲು ಬಕೆಟ್ಟು ಬೋರಲು ಹಾಕಿ ಕೊಟ್ಟರು. ಹೋಗಿ ಬಂದವರು ಹೇಳಿದ ಪ್ರಕಾರ, ಅಲ್ಲಿ ಗಂಡಸರಿಗೆ ಒಂದು ಕಟ್ಟಡ, ಹೆಂಗಸರಿಗೆ ಮತ್ತು ಚಿಕ್ಕ ಮಕ್ಕಳಿಗೆ ಇನ್ನೊಂದು. ಹದಿನಾಲ್ಕು ವರ್ಷದ ಮಗನನ್ನು ತಾಯಿಯ ಜೊತೆ ಬಿಡುವುದಿಲ್ಲ. ಒಬ್ಬರಿಗೆ ಒಂದೇ ಚೀಲ. ಬೆಳಿಗ್ಗೆ ಏಳಕ್ಕೆ ಹೊರಡಬೇಕು, ಸಂಜೆ ಮತ್ತೆ ಸಾಲು ನಿಲ್ಲಬೇಕು, ಸಾಲಿನಲ್ಲಿ ಹಿಂದಾದರೆ ಆ ರಾತ್ರಿ ಹಾಸಿಗೆ ಇಲ್ಲ. ರಾತ್ರಿ ಪಾಳಿಯಲ್ಲಿ ದುಡಿಯುವ ಒಬ್ಬರು, ಹಗಲು ಮಲಗಬೇಕಾದ ನನಗೆ ರಾತ್ರಿಯ ಹಾಸಿಗೆ ಏಕೆ ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಬೇರೆ ದಾರಿಯಲ್ಲಿ ನಡೆದ ದೇಶಗಳೂ ನಗರಗಳೂ ಇವೆ. ಫಿನ್ಲೆಂಡ್ 2008ರಿಂದ ಆಶ್ರಯ ಕೇಂದ್ರಗಳ ಹಲವು ಕಟ್ಟಡಗಳನ್ನು ಬಾಡಿಗೆ ಮನೆಗಳಾಗಿ ಮಾರ್ಪಡಿಸಿ, ಕುಡಿತ ಬಿಡುವುದೇ ಮೊದಲಾದ ಷರತ್ತುಗಳಿಲ್ಲದೆ ಮೊದಲು ಮನೆ ಕೊಟ್ಟು, ಚಿಕಿತ್ಸೆ ಮತ್ತು ಉದ್ಯೋಗದ ನೆರವನ್ನು ಆಮೇಲೆ ಮನೆಯ ಬಾಗಿಲಿಗೇ ಒಯ್ಯುವ ಕ್ರಮ ಹಿಡಿಯಿತು. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಟೆಂಟುಗಳ ಜಾಗವನ್ನು ಮುಚ್ಚುವ ಮೊದಲು ಅಲ್ಲಿರುವ ಪ್ರತಿಯೊಬ್ಬರ ಹೆಸರು ಬರೆದುಕೊಂಡು ಅವರಿಗೆ ವಸತಿ ಹೊಂದಿಸುತ್ತಾರೆ, ಆಮೇಲೆ ಬೇಲಿ ಹಾಕುತ್ತಾರೆ. 2011ರಿಂದ ಈಚೆಗೆ ಅಲ್ಲಿನ ಮನೆಯಿಲ್ಲದವರ ಸಂಖ್ಯೆ ಅರ್ಧಕ್ಕಿಂತ ಹೆಚ್ಚು ಇಳಿದಿದೆ. ಎರಡೂ ಕಡೆ ವರ್ಷಗಳ ಕೆಲಸವೂ ದೊಡ್ಡ ಮೊತ್ತದ ಹಣವೂ ಬೇಕಾಯಿತು. ನಮ್ಮ ಒಂದು ಮನವಿಯಿಂದ ಮುಂದಿನ ಪರೀಕ್ಷೆಯೊಳಗೆ ಅದಾಗುತ್ತದೆಂದು ನಂಬುವಷ್ಟು ಮುಗ್ಧಳು ನಾನಲ್ಲ.

ಆದರೆ ಈ ತಿಂಗಳೇ ಆಗಬಹುದಾದ ಕೆಲಸಗಳಿವೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಪ್ರತ್ಯೇಕ ವಸತಿ ಇಲ್ಲದಿದ್ದರೆ ಟೆಂಟಿನವರನ್ನು ಚದುರಿಸಬೇಡಿ, ಚದುರಿದರೆ ಆರೋಗ್ಯ ಕಾರ್ಯಕರ್ತರಿಗೆ ಅವರು ಸಿಗುವುದಿಲ್ಲ, ಅಲ್ಲಿಯವರೆಗೆ ಇಪ್ಪತ್ನಾಲ್ಕು ಗಂಟೆಯೂ ತೆರೆದಿರುವ ಶೌಚಾಲಯ ಮತ್ತು ಕೈತೊಳೆಯುವ ನೀರು ಒದಗಿಸಿ ಎಂದು ಸಲಹೆ ನೀಡಿತ್ತು. ಹಿಂಗೋಡೆಯ ಬುಡದ ದುರ್ವಾಸನೆಗೆ ನನಗೆ ಗೊತ್ತಿರುವ ಪರಿಹಾರವೂ ಇದೇ. ಆದ್ದರಿಂದ ನಾನು ಬೇರೊಂದು ಮನವಿ ಸಿದ್ಧಪಡಿಸಿದ್ದೇನೆ. ಉದ್ಯಾನದ ದೂರದ ಮೂಲೆಯಲ್ಲಿ ತಾತ್ಕಾಲಿಕ ಶೌಚಾಲಯ, ಕಸದ ತೊಟ್ಟಿ ಮತ್ತು ನೀರಿನ ನಲ್ಲಿ. ಫುಟ್‌ಪಾತಿನ ಮೇಲಿನ ಟಾರ್ಪಾಲುಗಳನ್ನು ಒಳಕ್ಕೆ ಸರಿಸಿ ಮಕ್ಕಳ ದಾರಿ ಬಿಡಿಸುವುದು. ತೆರವು ಮಾಡುವುದಾದರೆ ಲಿಖಿತ ನೋಟಿಸು, ಕುಟುಂಬ ಒಟ್ಟಿಗೇ ಇರಬಹುದಾದ ಜಾಗದ ವಿಳಾಸ, ಮತ್ತು ಎತ್ತಿಕೊಂಡು ಹೋದ ವಸ್ತುಗಳನ್ನು ಮರಳಿ ಪಡೆಯಲು ಒಂದು ಕೊಠಡಿ. ತೆರವಿನ ದಿನಾಂಕ ಪರೀಕ್ಷೆಯ ವಾರದಲ್ಲಿ ಬೀಳಬಾರದು. ಕೊನೆಯದನ್ನು ಮುಖ್ಯೋಪಾಧ್ಯಾಯಿನಿಯಾಗಿ ಸೇರಿಸಿದ್ದೇನೆ.

ಟೆಂಟಿನ ಮಕ್ಕಳನ್ನು ದಾಖಲೆಗಳಿಲ್ಲದೆ ಹೇಗೆ ಸೇರಿಸಿಕೊಂಡಿರಿ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ವಯಸ್ಸಿನ ಪುರಾವೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ.

ಎರಡೂ ಮನವಿಗಳು ಶುಕ್ರವಾರದವರೆಗೆ ಶಾಲಾ ಕಚೇರಿಯ ಮೇಜಿನ ಮೇಲಿರುತ್ತವೆ. ಮೊದಲನೆಯದಕ್ಕೆ ಸಹಿ ಹಾಕಲು ಬಯಸುವ ಪೋಷಕರು ತಮ್ಮ ಹೆಸರಿನಲ್ಲಿ ಹಾಕಬಹುದು. ಶಾಲೆಯ ಮೊಹರು ಎರಡನೆಯದರ ಮೇಲೆ ಮಾತ್ರ ಇರುತ್ತದೆ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಸಭಾಂಗಣದಲ್ಲಿ ಈ ವಿಷಯವಾಗಿ ಸಭೆ ಕರೆದಿದ್ದೇನೆ. ಗೋಡೆಯಾಚೆ ಇರುವ ಮೂವರು ಪೋಷಕರಿಗೂ ಇದೇ ಪತ್ರ ಹೋಗಿದೆ, ಅವರೂ ಬರುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ