ಕಾರ್ಡಿನ ಜಿಬಿ ನೋಡಿದರೆ ಸಾಲದು

ಮಾನ್ಯರೇ,

ಪರದೆಯ ರೆಸಲ್ಯೂಷನ್ (ಅಡ್ಡಕ್ಕೂ ಉದ್ದಕ್ಕೂ ಇರುವ ಚುಕ್ಕಿಗಳ ಸಂಖ್ಯೆ) ಜಾಸ್ತಿಯಾದರೆ, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯೂ ಜಾಸ್ತಿ ಬೇಕು ಎಂಬ ಸಲಹೆಯನ್ನು ನಿಮ್ಮ ತಂತ್ರಜ್ಞಾನ ಪುಟದಲ್ಲಿ ಓದಿದೆ. ಒಂದು ಕಾಲಕ್ಕೆ ಅದು ನೂರಕ್ಕೆ ನೂರು ನಿಜ. ಈಗ ಅದನ್ನೇ ನಂಬಿದರೆ ಸುಮ್ನೆ ದುಡ್ಡು ದಂಡ.

ನಾನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸದವನು. ವಿಂಡೋಸ್ 95ರ ದಿನಗಳಲ್ಲಿ ನನ್ನ ಕಂಪ್ಯೂಟರಿನಲ್ಲಿದ್ದದ್ದು 1 ಎಂಬಿ ಕಾರ್ಡ್. ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಷನ್ ಬದಲಿಸುವ ಸ್ಲೈಡರ್ 640×480ರಲ್ಲಿದ್ದರೆ 1 ಕೋಟಿ 67 ಲಕ್ಷ ಬಣ್ಣ ಸಿಗುತ್ತಿತ್ತು. 800×600ಕ್ಕೆ ಎಳೆದರೆ 65,536. ಇನ್ನೂ ಎಳೆದು 1024×768ಕ್ಕೆ ತಂದರೆ ಬರೀ 256. ಪುಟ ಅಗಲವಾಗಿ ಕಾಣಲಿ ಎಂದರೆ ಫೋಟೊದಲ್ಲಿನ ಮುಖದ ಮೇಲೆಲ್ಲ ಚುಕ್ಕಿ ಚುಕ್ಕಿ. ಮುಖ ಸರಿಯಾಗಲಿ ಎಂದರೆ ಪುಟದ ಒಂದು ಮೂಲೆ ಮಾತ್ರ. ದಿನಕ್ಕೆ ಹತ್ತು ಸಲ ಆ ಸ್ಲೈಡರ್ ಎಳೆದಿದ್ದೇನೆ.

ಇದರ ಲೆಕ್ಕ ಸುಲಭ. ಅಡ್ಡಕ್ಕಿರುವ ಚುಕ್ಕಿಗಳನ್ನು ಉದ್ದಕ್ಕಿರುವ ಚುಕ್ಕಿಗಳಿಂದ ಗುಣಿಸಿ, ಒಂದು ಚುಕ್ಕಿಯ ಬಣ್ಣಕ್ಕೆ ಬೇಕಾದ ಬೈಟ್‌ಗಳಿಂದ ಮತ್ತೆ ಗುಣಿಸಿ. 800×600ಕ್ಕೆ ಮೂರು ಬೈಟಿನ ಬಣ್ಣ ಬೇಕೆಂದರೆ 14,40,000 ಬೈಟ್. 1 ಎಂಬಿ ಎಂದರೆ 10,48,576 ಬೈಟ್. ಹಿಡಿಸುವುದಿಲ್ಲ, ಅಷ್ಟೇ.

ಈಚೆಗೆ 4ಕೆ, ಅಂದರೆ 3840×2160 ಚುಕ್ಕಿಗಳ ಮಾನಿಟರ್ ತಂದೆ. ಜೋಡಿಸಿದರೆ ಮೌಸ್ ಬಾಣ ತಡವರಿಸಿಕೊಂಡು ಓಡುತ್ತಿತ್ತು. ಪುಟ ಸರಿಸಿದರೆ ಅಕ್ಷರಗಳು ಜರ್ಕ್ ಹೊಡೆಯುತ್ತಿದ್ದವು. "2 ಜಿಬಿ ಕಾರ್ಡ್ ಸಾಲದು, 8 ಜಿಬಿ ಹಾಕಿಸಿ" ಎಂದರು ತಿಳಿದವರೊಬ್ಬರು. ಹಳೆಯ ಲೆಕ್ಕವನ್ನೇ ಮತ್ತೆ ಹಾಕಿ ನೋಡಿದೆ. 3840×2160, ಚುಕ್ಕಿಗೆ ನಾಲ್ಕು ಬೈಟ್: 3,31,77,600 ಬೈಟ್. ಅಂದರೆ ಸುಮಾರು 32 ಎಂಬಿ. ಒಂದು ಚಿತ್ರ ಪರದೆಯ ಮೇಲಿರುವಾಗ ಮುಂದಿನದ್ದು ತಯಾರಾಗುತ್ತಿರುತ್ತದೆ, ಅದಕ್ಕೂ ಜಾಗ ಕೊಟ್ಟರೆ 64. 2 ಜಿಬಿಯಲ್ಲಿ ಇದು ಯಾವ ಮೂಲೆಗೆ, ಅಲ್ವಾ?

ತೊಂದರೆ ಇದ್ದದ್ದು ಕೇಬಲ್ ಸಿಕ್ಕಿಸಿದ್ದ ಜಾಗದಲ್ಲಿ. ಕಾರ್ಡಿನ ಎಚ್‌ಡಿಎಂಐ ಪೋರ್ಟ್ (ಮಾನಿಟರ್ ಕೇಬಲ್ ಸಿಕ್ಕಿಸುವ ಕಿಂಡಿ) 1.4ನೇ ಆವೃತ್ತಿಯದ್ದು. ಅದರಲ್ಲಿ 4ಕೆ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಬದಲಾಗುತ್ತದೆ. ಅದೇ ಕಾರ್ಡಿನಲ್ಲಿ ಡಿಸ್‌ಪ್ಲೇಪೋರ್ಟ್ 1.2 ಎಂಬ ಇನ್ನೊಂದು ಕಿಂಡಿ ಇತ್ತು. ಕೇಬಲ್ ಅಲ್ಲಿಗೆ ಬದಲಿಸಿ, ಸೆಟ್ಟಿಂಗ್ಸ್‌ನಲ್ಲಿ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ, ಆರಿಸಿದೆ. ಬಾಣ ನೀರಿನಂತೆ ಸರಿಯಿತು.

ಗೇಮ್ ಆಡುವವರಿಗೆ, 3ಡಿ ಕೆಲಸದವರಿಗೆ ಜಿಬಿ ಬೇಕೇ ಬೇಕು. ಗೋಡೆ, ಬಟ್ಟೆ, ಚರ್ಮದ ಮೇಲೆ ಹೊದಿಸುವ ಟೆಕ್ಸ್ಚರ್ ಚಿತ್ರಗಳೆಲ್ಲ ಆ ಮೆಮೊರಿಯಲ್ಲೇ ಕೂರುತ್ತವೆ. 4096×4096ರ ಒಂದೇ ಟೆಕ್ಸ್ಚರ್, ಕುಗ್ಗಿಸದಿದ್ದರೆ 64 ಎಂಬಿ. ಜಾಗ ಮುಗಿದರೆ ಕಂಪ್ಯೂಟರಿನ ಮುಖ್ಯ ಮೆಮೊರಿಯಿಂದ ತರಿಸಿಕೊಳ್ಳಬೇಕು. ಆ ದಾರಿ ನಿಧಾನ, ಆಟ ತಡವರಿಸುತ್ತದೆ. ಆದರೆ ಪತ್ರ ಬರೆಯುವವರಿಗೆ, ಲೆಕ್ಕ ಇಡುವವರಿಗೆ, ನನ್ನಂತೆ ಪುಟ ಕಟ್ಟುವವರಿಗೆ ಆ ಖರ್ಚು ಯಾಕೆ?

ಮುಂದಿನ ಸಲ ಕಾರ್ಡ್‌ಗಳ ಪಟ್ಟಿ ಹಾಕುವಾಗ ಜಿಬಿಯ ಪಕ್ಕದಲ್ಲೇ ಇನ್ನೊಂದು ಸಾಲು ಸೇರಿಸಿ: ಯಾವ ಪೋರ್ಟ್, ಎಷ್ಟನೇ ಆವೃತ್ತಿ, 4ಕೆಯಲ್ಲಿ ಎಷ್ಟು ಹರ್ಟ್ಸ್.

ಇಂತಿ,
ಡಿಟಿಪಿ ಕೆಲಸದ ಒಬ್ಬ ಓದುಗ